ಪರವಾನಗಿಗೆ ಕಾದ ಗಂಟು

ಅಕ್ಕನ ಗಂಟು ನನ್ನ ಅಂಗಡಿಯಲ್ಲಿ ಆರು ದಿನ ಸ್ಟೂಲಿನ ಮೇಲೆ ಕುಳಿತಿತ್ತು. ಅದರಲ್ಲಿ ನಾಲ್ಕೂವರೆ ದಿನ ನಾನು ಅವಳಿಗೆ ಹೇಳಲೇಬೇಕಾದ ಒಂದು ಮಾತನ್ನು ಹೇಳದೆ ನುಂಗಿಕೊಂಡಿದ್ದೆ. ಬಾಯಿಬಡಕಿ ಎಂದು ಊರಲ್ಲೆಲ್ಲ ಹೆಸರಾದವಳು ನಾನು. ಬೇಕಾದ ಹೊತ್ತಿನಲ್ಲೇ ಬಾಯಿಗೆ ಬೀಗ ಬಿತ್ತು.

ಬೈಲಹೊಂಗಲದ ಬಸ್ ಸ್ಟ್ಯಾಂಡಿಗೆ ನಾಲ್ಕು ಹೆಜ್ಜೆ ದೂರದಲ್ಲಿ ನನ್ನದು ಟಿಕೆಟ್ ಅಂಗಡಿ. ರೈಲು, ವಿಮಾನ, ಪಾಸ್‌ಪೋರ್ಟಿನ ಅರ್ಜಿ, ಕೊಲ್ಲಿ ದೇಶಗಳಿಗೆ ಹೋಗುವವರ ವೀಸಾ ಎಲ್ಲವೂ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಕಿತ್ತೂರಿನಿಂದ, ಸವದತ್ತಿಯಿಂದ, ರಾಮದುರ್ಗದಿಂದ ಜನ ಬರುತ್ತಾರೆ. ಅರ್ಜಿಯಲ್ಲಿ ತಮ್ಮ ಹೆಸರನ್ನೇ ತಪ್ಪು ಬರೆದು ತಂದವರನ್ನು ಬೈಯುತ್ತೇನೆ, ಬೈಯುತ್ತಲೇ ತಿದ್ದಿಕೊಡುತ್ತೇನೆ. "ಸಣ್ಣ ಅಕ್ಷರ ಓದ್ರಿ, ದೊಡ್ಡ ಅಕ್ಷರ ಬರೇ ಜಾಹೀರಾತಿಗೆ ಇರತಾವು" ಎನ್ನುವುದು ನನ್ನ ದಿನದ ಮಂತ್ರ. ಅದನ್ನು ಹೇಳಿ ಹೇಳಿ ನನಗೂ ಸ್ವಲ್ಪ ತಲೆ ತಿರುಗಿತ್ತೆಂದು ಈಗ ಅನಿಸುತ್ತದೆ.

ಒಂದು ವಿಮಾನ ಕಂಪನಿ ಗೋವಾದಿಂದ ಮಸ್ಕತ್ತಿಗೆ ಹೊಸದಾಗಿ ನೇರ ವಿಮಾನ ಬಿಡುವುದಾಗಿ ಸಾರಿ ಟಿಕೆಟ್ ಮಾರಲು ತೊಡಗಿದಾಗ ಅದರ ಕೆಳಗಿನ ಸಣ್ಣ ಅಕ್ಷರವನ್ನೂ ನಾನು ಓದಿದ್ದೆ. ಈ ಮಾರ್ಗ ಸರ್ಕಾರದ ಅನುಮತಿಗೆ ಒಳಪಟ್ಟಿದೆ ಎಂದಿತ್ತು. ಓದಿದೆ, ನಕ್ಕೆ, ಟಿಕೆಟ್ ತೆಗೆದೆ.

ನಕ್ಕದ್ದು ಯಾಕೆಂದರೆ, ಪರವಾನಗಿ ಎಂಬುದನ್ನು ನಾನು ನಮ್ಮ ಕಡೆಯವರ ಕಣ್ಣಿನಿಂದ ನೋಡಿದೆ. ನಮ್ಮಲ್ಲಿ ಮೊದಲು ಮನೆ ಕಟ್ಟುತ್ತಾರೆ, ಅಯ್ಯನವರನ್ನು ಕರೆಸಿ ಪೂಜೆ ಮಾಡಿಸುತ್ತಾರೆ, ಓಣಿಗೆಲ್ಲ ಹೋಳಿಗೆ ಊಟ ಹಾಕುತ್ತಾರೆ. ಕೈ ತೊಳೆದ ಮೇಲೆ ಮನೆ ಕಟ್ಟಲು ಪರವಾನಗಿ ಬೇಕೆಂದು ಅರ್ಜಿ ಬರೆಸಲು ನನ್ನ ಹತ್ತಿರ ಬರುತ್ತಾರೆ. ನವಿಲುತೀರ್ಥದ ಕಾಲುವೆಗೆ ಪಂಪು ಕೂರಿಸಿ, ಗೋವಿನಜೋಳ ಮೊಣಕಾಲೆತ್ತರ ಬಂದಮೇಲೆ ನೀರಿಗೆ ಪರವಾನಗಿ ಕೇಳಿದವರಿದ್ದಾರೆ. ನಮ್ಮಪ್ಪನೂ ಅವರಲ್ಲೊಬ್ಬ. ಪರವಾನಗಿ ಎಂದರೆ ಆಗಿಹೋದ ಕೆಲಸದ ಬೆನ್ನ ಹಿಂದೆ ಬರುವ ಕಾಗದ ಎಂದೇ ನಂಬಿ ಬೆಳೆದವಳು ನಾನು. ಟಿಕೆಟ್ ಮಾರುತ್ತಿದ್ದಾರೆಂದ ಮೇಲೆ ವಿಮಾನ ಹಾರಿಯೇ ಹಾರುತ್ತದೆ, ಕಾಗದ ತಾನಾಗಿ ಬರುತ್ತದೆ ಎಂದುಕೊಂಡೆ.

ಎರಡು ದೇಶಗಳ ನಡುವೆ ವಾರಕ್ಕೆ ಎಷ್ಟು ಸೀಟು ಹಾರಬಹುದು ಎಂಬುದಕ್ಕೂ ಒಪ್ಪಂದವಿರುತ್ತದೆ, ನಮ್ಮ ಸರ್ಕಾರ ಹೂಂ ಅಂದರೆ ಸಾಲದು, ಆಚೆಯವರೂ ಹೂಂ ಅನ್ನಬೇಕು ಎಂಬುದೆಲ್ಲ ಆಮೇಲೆ ತಿಳಿಯಿತು. ನಮ್ಮ ಮನೆಯವರು ಸಾಲಿ ಮಾಸ್ತರು. ಟಿಕೆಟ್ ನೋಡಿ, "ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ" ಎಂದು ಚೇಷ್ಟೆ ಮಾಡಿದರು. ನಿಮ್ಮ ಪಾಠ ಸಾಲಿಯಲ್ಲಿರಲಿ ಎಂದು ನಾನು ಅವರ ಮೇಲೇ ಹರಿಹಾಯ್ದೆ.

ಅಕ್ಕ ಇರುವುದು ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ. ಅವಳ ಒಬ್ಬಳೇ ಮಗಳು ಗಂಡನ ಜೊತೆ ಮಸ್ಕತ್ತಿನಲ್ಲಿದ್ದಾಳೆ. ಅಳಿಯ ಅಲ್ಲಿ ಏಸಿ ದುರಸ್ತಿಯ ಕೆಲಸ ಮಾಡುತ್ತಾನೆ, ಮುಂಜಾನೆ ಹೋದವನು ಮನೆ ಕಾಣುವುದು ಕತ್ತಲಾದ ಮೇಲೆ. ಪದ್ಧತಿಯಂತೆ ಹೆರಿಗೆ ತವರಿನಲ್ಲಾಗಬೇಕಿತ್ತು. ಆದರೆ ಎರಡು ವರ್ಷದ ಹಿಂದೆ ಏಳು ತಿಂಗಳಿಗೇ ಒಂದು ಕೂಸು ಹೋಗಿತ್ತು. ಈ ಸಲ ಪ್ರಯಾಣ ಬೇಡವೇ ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದರಿಂದ, ಮಗಳು ಬರುವ ಬದಲು ತಾಯಿ ಹೋಗಿ ಬಾಣಂತನ ಮಾಡುವುದೆಂದಾಯಿತು. ಅಕ್ಕ ವಿಮಾನ ನೋಡಿದ್ದು ತಲೆಯ ಮೇಲೆ ಹಾರುವಾಗ ಮಾತ್ರ. ಮುಂಬೈಯಲ್ಲಿ ಇಳಿದು, ದಾರಿ ಹುಡುಕಿ, ಇನ್ನೊಂದು ವಿಮಾನ ಹತ್ತುವುದು ಇವಳ ಕೈಯಲ್ಲಿ ಆಗುವ ಮಾತಲ್ಲ ಎಂದು ನಾನೇ ತೀರ್ಮಾನಿಸಿ ನೇರ ವಿಮಾನ ಹಿಡಿದಿದ್ದೆ. ಅವಳನ್ನು ಕೇಳಿರಲಿಲ್ಲ.

ಟಿಕೆಟ್ ಇದ್ದದ್ದು ಗುರುವಾರಕ್ಕೆ. ಆ ದಿನ ಹೊರಡಲು ಸರಿಯಿಲ್ಲ, ಅದರ ಹಿಂದಿನ ಶುಕ್ರವಾರ ಮುಂಜಾನೆ ಗಂಟು ಹೊರಗಿಡಿ ಎಂದು ಅಯ್ಯನವರು ಹೇಳಿದರು. ಪ್ರಸ್ಥಾನ ಇಡುವುದು ಎನ್ನುತ್ತಾರೆ ಇದಕ್ಕೆ. ಒಳ್ಳೆಯ ಗಳಿಗೆಯಲ್ಲಿ ಸಾಮಾನಿನ ಒಂದು ಗಂಟನ್ನು ಹೊಸ್ತಿಲು ದಾಟಿಸಿ ಬೇರೊಬ್ಬರ ಕಡೆ ಇಟ್ಟರೆ ಮನುಷ್ಯ ಹೊರಟಂತೆಯೇ ಲೆಕ್ಕ. ಹಾಗೆ ಇಟ್ಟ ಗಂಟು ನೆಲ ಮುಟ್ಟಬಾರದು, ಏಳು ದಿನದೊಳಗೆ ಊರು ಬಿಡಬೇಕು, ತಿರುಗಿ ಮನೆಗೆ ಬರಬಾರದು. ನಮ್ಮವ್ವನ ಕಾಲದಿಂದ ನಮ್ಮಲ್ಲಿ ನಡೆದು ಬಂದದ್ದು ಹೀಗೆ.

ಹಿಂದಿನ ಸಲ ಗಂಟು ತಿರುಗಿ ಬಂದಿತ್ತು. ಏಳನೇ ತಿಂಗಳಲ್ಲಿ ಮಗಳಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಅಕ್ಕ ಆಗಲೂ ಹೊರಟಿದ್ದಳು. ಊರ ಮಠದಲ್ಲಿ ಗಂಟು ಇಟ್ಟ ಮೂರನೇ ದಿನ ಫೋನ್ ಬಂತು. "ಇನ್ನ ಬಂದು ಏನ ಮಾಡತಿ ಅವ್ವಾ, ಬರಬ್ಯಾಡ" ಎಂದಳಂತೆ ಮಗಳು. ಗಂಟು ಮರಳಿ ಒಳಗೆ ಬಂತು. ಅದರಲ್ಲಿದ್ದ, ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡೆಗಳನ್ನು ಮನೆಯಲ್ಲಿ ಯಾರೂ ಬಾಯಿಗೆ ಹಾಕಲಿಲ್ಲ. ಅಕ್ಕ ಒಂದೊಂದೇ ಎಮ್ಮೆಗೆ ತಿನ್ನಿಸಿದಳು. ಈ ಸಲದ ಗಂಟು ಏನೇ ಆದರೂ ಹಿಂದಕ್ಕೆ ಹೋಗುವಂತಿಲ್ಲ ಎಂಬುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಶುಕ್ರವಾರ ಅಂಗಡಿ ತೆಗೆದವಳೇ ಕಂಪ್ಯೂಟರಿನಲ್ಲಿ ಸುದ್ದಿ ನೋಡಿದೆ. ಹೊಸ ಮಾರ್ಗಕ್ಕೆ ಇನ್ನೂ ಅನುಮತಿ ಸಿಕ್ಕಿಲ್ಲ, ಕಂಪನಿ ಕಾಯುತ್ತಿದೆ ಎಂದಿತ್ತು. ಇನ್ನೊಮ್ಮೆ ಓದುವಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಸುರೇಬಾನದಿಂದ ರಾಮದುರ್ಗ, ಅಲ್ಲಿಂದ ಯರಗಟ್ಟಿ, ಯರಗಟ್ಟಿಯಿಂದ ಬೈಲಹೊಂಗಲ, ಹೀಗೆ ಮೂರು ಬಸ್ಸು ಹಿಡಿದು ಬಂದಿದ್ದರೂ ಮುಖದಲ್ಲಿ ದಣಿವಿರಲಿಲ್ಲ.

"ಕಂಡಕ್ಟರ್ ಗಂಟು ಕೆಳಗ ಇಡಬೇ ಅಂದ. ಇದು ಕೆಳಗ ಇಡೂ ಗಂಟಲ್ಲೋ ತಮ್ಮಾ ಅಂದೆ. ಸುಮ್ಮನಾದ" ಎಂದು ನಕ್ಕಳು.

ಸ್ಟೂಲಿನ ಮೇಲೆ ಮಡಿ ಟವೆಲ್ ಹಾಸಿ ಗಂಟು ಇಟ್ಟೆವು. ಒಳಗೆ ಅಂಟಿನ ಉಂಡೆ, ಅಳವಿ ಬೀಜ, ಒಣಕೊಬ್ಬರಿ, ನಮ್ಮವ್ವನ ಹಳೆ ಸೀರೆಗಳ ತುಂಡು ಜೋಡಿಸಿ ಹೊಲಿದ ಪುಟ್ಟ ಕೌದಿ ಇದ್ದವು. ಕೂಸಿನ ತಲೆಯಿಂದ ಬೆನ್ನ ಮೇಲೆ ಇಳಿಬೀಳುವ ಕುಂಚಿಗೆ ಮಾತ್ರ ಅವಳ ಕೈಯಲ್ಲಿತ್ತು. ಅದಕ್ಕೆ ಅಂಚು ಹೊಲಿಯುತ್ತ ಕುಳಿತಳು. ಗದ್ದದ ಕೆಳಗೆ ಕಟ್ಟುವ ಕಸೆಗಳನ್ನು ಹಚ್ಚಿರಲಿಲ್ಲ. "ಕಸಿ ಹಚ್ಚೂದು ಕೂಸಿನ ಮಾರಿ ನೋಡಿದ ಮ್ಯಾಲ" ಎಂದಳು. ಆಗಲೇ ಹೇಳಬೇಕಿತ್ತು. ಗಂಟನ್ನು ನೋಡಿದೆ, ಅಕ್ಕನ ಮುಖ ನೋಡಿದೆ, ಚಹಾ ತರಿಸುತ್ತೇನೆ ಎಂದು ಹೊರಗೆ ಬಂದೆ.

ಶನಿವಾರ ಅಂಗಡಿಯ ಹಿಂದಿನ ಸಂದಿಗೆ ಹೋಗಿ ಕಂಪನಿಗೆ ಫೋನ್ ಮಾಡಿದೆ. ಅನುಮತಿ ನಿರೀಕ್ಷೆಯಲ್ಲಿದೆ ಎಂದಿತು ಆ ಕಡೆಯ ಹೆಣ್ಣು ದನಿ. ಹಾಗಾದರೆ ವಿಮಾನ ಇಲ್ಲವೇ ಎಂದರೆ, ರದ್ದಾಗಿಲ್ಲ ಮೇಡಮ್ ಎಂದಿತು. ಇದೆಯೇ ಎಂದರೆ, ನಿರೀಕ್ಷೆಯಲ್ಲಿದೆ ಎಂದಿತು. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇವರಿಂದ ಕಲಿಯಬೇಕು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ನಾನು ಅಕ್ಕನಿಗೆ ಮಾಡುತ್ತಿದ್ದುದೂ ಅದನ್ನೇ. ಹೊರಡುವವರೆಗೆ ಅವಳು ಉಳಿದದ್ದು ನಮ್ಮಲ್ಲೇ. ಭಾನುವಾರ ಮನೆಯಲ್ಲಿ ರೊಟ್ಟಿ ಬಡಿಯುತ್ತ, "ಗೋವಾಕ್ಕ ಎಷ್ಟ ಹೊತ್ತಿಗೆ ಬಿಡೂದು?" ಎಂದು ಕೇಳಿದಳು. "ಗುರುವಾರ ನಸಿಕಿಲೆ, ಗಾಡಿ ಹೇಳೇನಿ" ಎಂದೆ. ಗಾಡಿಗೆ ಹೇಳಿದ್ದಂತೂ ಸುಳ್ಳಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಸೋಮವಾರ. ಬೆಳಗಾವಿಯಿಂದ ಮುಂಬೈ, ಮುಂಬೈಯಿಂದ ಮಸ್ಕತ್ತು, ಮಂಗಳವಾರಕ್ಕೆ ಎರಡು ಸೀಟು ಉಳಿದಿರುವುದು ಪರದೆಯ ಮೇಲೆ ಕಾಣುತ್ತಿತ್ತು. ಅಷ್ಟರಲ್ಲಿ ಮಗಳ ಫೋನ್ ಬಂತು. ಅಕ್ಕನ ಮಗಳು ನನ್ನನ್ನು ಚಿಗವ್ವ ಎನ್ನುತ್ತಾಳೆ.

"ಚಿಗವ್ವಾ, ಮುಂಜಾನಿಂದ ನಡಾ ನೋಯಾಕ ಹತ್ತೈತಿ. ದಿನಾ ತುಂಬಾಕ ಇನ್ನ ಎರಡ ವಾರ ಅದಾವು, ಆದ್ರೂ ಮೊದಲ ಆಗಬಹುದು ಅಂತ ಡಾಕ್ಟರ್ ಅಂದ್ರು. ಅವ್ವ ಗುರುವಾರ ಬರತಾಳಲ್ಲ?"

"ಬರತಾಳ ನನ್ನವ್ವಾ. ಎಲ್ಲಾ ಸರಿ ಐತಿ."

ಫೋನ್ ಇಟ್ಟು ಆ ಎರಡು ಸೀಟುಗಳನ್ನು ನೋಡಿದೆ. ಹಿಡಿದರೆ ಅಕ್ಕನಿಗೆ ಎಲ್ಲ ಹೇಳಬೇಕು. ಸಣ್ಣ ಅಕ್ಷರ ಓದಿಯೂ ನಕ್ಕು ಬಿಟ್ಟೆ ಎಂದು ಹೇಳಬೇಕು. ಮುಂಬೈಯಲ್ಲಿ ಅವಳೊಬ್ಬಳೇ ದಿಕ್ಕು ತಪ್ಪಿ ಅಳುತ್ತ ನಿಂತ ಚಿತ್ರವೊಂದು ನನ್ನ ತಲೆಯಲ್ಲಿ ಕುಳಿತಿತ್ತು. ಇವತ್ತು ಸಂಜೆಯೊಳಗೆ ಪರವಾನಗಿ ಬಂದರೆ ಇದಾವುದೂ ಬೇಕಿಲ್ಲವಲ್ಲ ಎಂದುಕೊಂಡೆ. ಊಟ ಮಾಡಿ ಬಂದಾಗ ಒಂದು ಸೀಟು ಉಳಿದಿತ್ತು. ನಾಲ್ಕು ಗಂಟೆಗೆ ಅದೂ ಹೋಯಿತು. ಹೋದಾಗ ನನಗೆ ಹಗುರವೆನಿಸಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾಗೆ ಅನಿಸಿದ್ದು ನಿಜ.

ಮಂಗಳವಾರ ಮಧ್ಯಾಹ್ನ ಮೆಸೇಜು ಬಂತು. ಅನುಮತಿ ಸಿಗದ ಕಾರಣ ಮುಂದಿನ ಪ್ರಕಟಣೆಯವರೆಗೆ ಈ ಮಾರ್ಗದ ವಿಮಾನಗಳಿಲ್ಲ. ಅಕ್ಕ ಎದುರಿಗೇ ಕುಂಚಿಗೆ ಹಿಡಿದು ಕುಳಿತಿದ್ದಳು. ನನ್ನ ಮುಖ ನೋಡಿ ಸೂಜಿ ನಿಲ್ಲಿಸಿದಳು.

"ಏನಾತು?"

"ವಿಮಾನ ಇಲ್ಲಕ್ಕಾ. ಸರಕಾರದ ಪರವಾನಗಿ ಬರಲಿಲ್ಲ."

"ಇವತ್ತ ಗೊತ್ತಾತೇನು?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ನಂಬುತ್ತಿದ್ದಳು. ನನ್ನ ಪುಣ್ಯಕ್ಕೆ ಅಷ್ಟು ಕೆಳಗೆ ಇಳಿಯಲಿಲ್ಲ. "ಇಲ್ಲ. ಬರದೇ ಹೋಗಬಹುದು ಅಂತ ಶುಕ್ರವಾರನ ಗೊತ್ತಿತ್ತು. ಟಿಕೀಟಿನ ಮ್ಯಾಲೂ ಹಂಗ ಅಚ್ಚ ಮಾಡಿದ್ರು, ಓದಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ನೀ ಗಾಬರಿ ಆಗತಿ ಅಂತ. ಮುಂಬೈದಾಗ ಒಬ್ಬಾಕಿನ ವಿಮಾನ ಬದಲಿ ಮಾಡೂದು ನಿನ್ನ ಕೈಲೆ ಆಗೂದಿಲ್ಲ ಅಂತ."

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಬಟ್ಟೆಯನ್ನು ಮಡಿಚಿ ಗಂಟಿನ ಮೇಲಿಟ್ಟಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸಿ ಬಚಾವಾಗುತ್ತಿದ್ದೆ.

"ಇಲ್ಲಿಗೆ ಬರಾಕ ಮೂರ ಬಸ್ ಬದಲಿ ಮಾಡೇನಿ. ರಾಮದುರ್ಗದಾಗ ಬೋರ್ಡ್ ಇಲ್ಲದ ಬಸ್ಸು, ಮಂದಿನ್ನ ಕೇಳಿ ಹತ್ತೇನಿ. ಬಾಯಿ ಐತೆಲ್ಲ ನನಗ. ನಾ ಗಾಬರಿ ಆಗಾಕಿ ಅಂತ ನಿನಗ ಹೇಳಿದವರ ಯಾರು?"

ನಾನು ಕೀಬೋರ್ಡನ್ನು ಹತ್ತಿರ ಎಳೆದುಕೊಂಡೆ.

"ಗಾಬರಿ ಆದಾಕಿ ನೀ" ಎಂದಳು. "ಈಗರ ನೋಡು, ಮುಂಬೈಯಿಂದ ಯಾವಾಗ ಐತಿ."

ಬುಧವಾರ ಎಲ್ಲ ಭರ್ತಿಯಾಗಿತ್ತು. ಗುರುವಾರ ಒಂದು ಸೀಟು ಸಿಕ್ಕಿತು. ಮುಂಜಾನೆ ಬೆಳಗಾವಿಯಿಂದ ಹೊರಟು, ಮುಂಬೈಯಲ್ಲಿ ಏಳು ತಾಸು ಕುಳಿತು, ಸಂಜೆಗೆ ಮಸ್ಕತ್ತಿನ ವಿಮಾನ. ಗಂಟಿಗೆ ಅದು ಏಳನೇ ದಿನ. ಅಕ್ಕ ಬೆರಳು ಮಡಿಚಿ ಎಣಿಸಿ, "ಸಾಕು, ಏಳರೊಳಗ ಐತಿ" ಎಂದಳು. ಬುಧವಾರವಿಡೀ ನಾನು ಹಾಳೆಯ ಮೇಲೆ ಬಾಣ ಬರೆದು ಬರೆದು ದಾರಿ ಹೇಳಿಕೊಟ್ಟೆ. ಅವಳು ಪ್ರತಿಯೊಂದನ್ನೂ ಕೇಳಿದಳು, ಎರಡೆರಡು ಸಲ ಕೇಳಿದಳು. ಅವಳ ದನಿಯಲ್ಲಿ ಅಂಜಿಕೆಯಿರಲಿಲ್ಲ. ನಾನು ಹೇಳಿದ್ದರಲ್ಲಿ ಏನಾದರೂ ಬಿಟ್ಟು ಹೋಗಿರಬಹುದೇ ಎಂದು ನೋಡುತ್ತಿದ್ದಳು, ಅಷ್ಟೆ.

ಗುರುವಾರ ಮಧ್ಯಾಹ್ನದ ಹೊತ್ತಿಗೆ ಮುಂಬೈಯಿಂದ ಅವಳ ಫೋನ್ ಬಂತು. "ಗೇಟಿನ ಮುಂದ ಕುಂತೇನಿ. ಇಲ್ಲಿ ಕಸ ಹೊಡಿಯೂ ಹೆಣಮಗಳು ದಾರಿ ತೋರಿಸಿದಳು, ಸಾತಾರದಾಕಿ. ನನ್ನ ಮರಾಠಿ ಕೇಳಿ ನಕ್ಕಳು, ಆದ್ರೂ ಕೈ ಹಿಡಿದು ಕರಕೊಂಡು ಬಂದಳು. ಗಂಟು ತೊಡಿ ಮ್ಯಾಲ ಐತಿ." ನಾನು ನಾಲ್ಕು ದಿನ ಹೆದರಿದ್ದ ಮುಂಬೈಯನ್ನು ಅಕ್ಕ ಒಂದು ತಾಸಿನಲ್ಲಿ ದಾಟಿದ್ದಳು.

ಎರಡೂವರೆಗೆ ಮತ್ತೆ ಫೋನ್ ಬಂತು. ಈ ಸಲ ಮಗಳು.

"ಚಿಗವ್ವಾ, ದವಾಖಾನಿಗೆ ಬಂದೇನಿ. ಬ್ಯಾನಿ ಸುರು ಆಗ್ಯಾವು. ಅವ್ವ ಎಲ್ಲಿ ಅದಾಳ?"

"ಮುಂಬೈದಾಗ. ಸಂಜಿಕೆ ವಿಮಾನ."

"ಇನ್ನೂ ಮುಂಬೈದಾಗ?" ಒಂದು ನರಳಿಕೆ ಬಂತು, ಅದು ಇಳಿಯುವವರೆಗೆ ನಾನೂ ಉಸಿರು ಬಿಡಲಿಲ್ಲ. ಆಮೇಲೆ ಮೆಲ್ಲಗೆ, "ಸೋಮವಾರ ಕೇಳಿದಾಗ ಎಲ್ಲಾ ಸರಿ ಐತಿ ಅಂದಿದ್ದೆಲ್ಲ ಚಿಗವ್ವಾ" ಎಂದಳು. ಬೈದು ಹೇಳಿದ ಮಾತಲ್ಲ, ಸುಮ್ಮನೆ ಕೇಳಿದ್ದು.

ತಡಿ ಎಂದು ಹೇಳಿ ಮುಂಬೈಗೆ ಫೋನ್ ಹಚ್ಚಿ ಎರಡನ್ನೂ ಜೋಡಿಸಿದೆ. ಅಕ್ಕ "ಯಾಕವಾ?" ಎಂದಳು. ಆ ಕಡೆಯಿಂದ ಮಗಳು "ಅವ್ವಾ" ಎಂದಳು. ಮುಂದಿನ ಮುಕ್ಕಾಲು ತಾಸು ನಾನು ಬೈಲಹೊಂಗಲದಲ್ಲಿ ನಡುವೆ ಕುಳಿತು, ಬಾಯಿ ಮುಚ್ಚಿಕೊಂಡು ಇಬ್ಬರನ್ನೂ ಕೇಳಿದೆ. ಅಕ್ಕನ ಹಿಂದೆ ವಿಮಾನಗಳ ಘೋಷಣೆ ಕೇಳುತ್ತಿತ್ತು. ಅಷ್ಟು ಜನರ ನಡುವೆ ಅಕ್ಕ, "ಉಸರ ಹಿಡೀಬ್ಯಾಡ, ಬಿಡು. ಹಾಂ, ಹಂಗ. ನಾ ಇಲ್ಲೇ ಅದೇನಿ. ಇಲ್ಲೇ ಅದೇನಿ ನೋಡು" ಎನ್ನುತ್ತಿದ್ದಳು. ಮಗಳ ಹತ್ತಿರ ಇರಬೇಕಾದವಳನ್ನು ಮುಂಬೈಯಲ್ಲಿ ಕೂರಿಸಿದ್ದು ನಾನು. ಅಂಗಡಿಗೆ ಬಂದ ಇಬ್ಬರನ್ನು ಕೈ ಬೀಸಿ ಕಳಿಸಿದೆ. ಕೊನೆಗೆ ನರ್ಸು ಫೋನ್ ಕಸಿದುಕೊಂಡಿರಬೇಕು, ಮಗಳ ದನಿ ತಟ್ಟನೆ ನಿಂತಿತು.

"ಒಳಗ ಒಯ್ದರು ಕಾಣತೈತಿ" ಎಂದಳು ಅಕ್ಕ. ನಾನು "ಅಕ್ಕಾ" ಎಂದೆ. "ಈಗ ಬ್ಯಾಡ" ಎಂದು ಫೋನ್ ಇಟ್ಟಳು.

ಸಂಜೆ ಆರು ಮುಕ್ಕಾಲಿಗೆ ಅಳಿಯನ ಫೋನ್ ಬಂತು. ಹೆಣ್ಣುಕೂಸು, ಇಬ್ಬರೂ ಆರಾಮ. ಅಷ್ಟೊತ್ತಿಗೆ ಅಕ್ಕ ಆಕಾಶದಲ್ಲಿದ್ದಳು. ಅವಳ ಮೊಮ್ಮಗಳು ಹುಟ್ಟಿದ್ದು ನನಗೆ ಗೊತ್ತಿದೆ, ಅಜ್ಜಿಗೆ ಗೊತ್ತಿಲ್ಲ. ಅವಳು ಇಳಿಯುವವರೆಗೆ ಆ ಸುದ್ದಿಯನ್ನು ಒಬ್ಬಳೇ ಹಿಡಿದುಕೊಂಡು ಖಾಲಿ ಸ್ಟೂಲಿನ ಎದುರು ಕುಳಿತೆ. ಟವೆಲ್ ಮೇಲೆ ಗಂಟಿನ ಗುರುತು ಇನ್ನೂ ಇತ್ತು. ಅತ್ತುಬಿಟ್ಟೆ. ಸೋಮವಾರ ಕಂಡ ಸೀಟನ್ನು ಹಿಡಿದಿದ್ದರೆ ಅವಳು ಎರಡು ದಿನ ಮೊದಲೇ ಮಗಳ ಮಗ್ಗುಲಲ್ಲಿರುತ್ತಿದ್ದಳು. ಎರಡು ಸರ್ಕಾರಗಳು ಕೊಡದ ಪರವಾನಗಿಯನ್ನು ಬೈಯಬಹುದು, ಬೈದೆ. ಆದರೆ ಅದು ಸಿಗದೇ ಹೋಗಬಹುದೆಂದು ಗೊತ್ತಿದ್ದೂ ಕೈಬಿಟ್ಟ ಆ ಎರಡು ದಿನ ನನ್ನವೇ.

ಅಕ್ಕ ಮೂರು ತಿಂಗಳು ಬಾಣಂತನ ಮಾಡಿ, ಹೋದ ದಾರಿಯಲ್ಲೇ ಒಬ್ಬಳೇ ತಿರುಗಿ ಬಂದಳು. ಕಸೆ ಹಚ್ಚಿದ ಕುಂಚಿಗೆ ಹಾಕಿಕೊಂಡ ಕೂಸಿನ ಫೋಟೋ ತೋರಿಸಿದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಊರಿನ ಸುದ್ದಿ, ಬೆಳೆಯ ಸುದ್ದಿ ಎಲ್ಲ ಮೊದಲಿನಂತೆಯೇ ಮಾತಾಡಿದಳು.

ಕೂಸು ತಾನಾಗಿ ಎದ್ದು ಕೂರುವ ಹೊತ್ತಿಗೆ ಪರವಾನಗಿ ಬಂತು, ಗೋವಾದ ವಿಮಾನ ಹಾರತೊಡಗಿತು. ಮಗಳು ಕೂಸನ್ನು ಕರೆದುಕೊಂಡು ಅದರಲ್ಲೇ ಊರಿಗೆ ಬರುತ್ತೇನೆಂದಳು. ಟಿಕೆಟ್ ತೆಗೆಯುವ ದಿನ ಅಕ್ಕ ಮೂರು ಬಸ್ಸು ಹಿಡಿದು ಅಂಗಡಿಗೆ ಬಂದು, ಅದೇ ಸ್ಟೂಲಿನ ಮೇಲೆ ಕುಳಿತಳು. ಅದಕ್ಕಾಗಿ ಬರಬೇಕಾಗಿರಲಿಲ್ಲ, ಫೋನಿನಲ್ಲೇ ಆಗುವ ಕೆಲಸ. ಹಾಗೆಂದೆ.

"ಕೆಳಗ ಸಣ್ಣ ಅಕ್ಷರ ಇರತಾವಲ್ಲ, ಅವನ್ನ ಓದು" ಎಂದಳು.

ಅದು ಇಂಗ್ಲಿಷಿನಲ್ಲಿತ್ತು. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಸಾಮಾನಿನ ತೂಕ, ಹವಾಮಾನ, ತಡವಾದರೆ ಏನು, ಕೂಸಿನ ಕಾಗದ ಯಾವುದು, ಎಲ್ಲ. ಹಿಂದೆ ಮೂರು ಜನ ಕಾಯುತ್ತಿದ್ದರು. ಅಕ್ಕ ಕಣ್ಣು ತೆಗೆಯದೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು. ಮೊದಲೆಲ್ಲ ನಾನು ಬೆರಳಿಟ್ಟು ತೋರಿಸಿದ ಕಡೆ ಕಾಗದವನ್ನು ನೋಡದೆಯೇ ಸಹಿ ಹಾಕುತ್ತಿದ್ದವಳು ಅವಳು.

"ಮುಗೀತೇನು?"

"ಮುಗೀತು."

"ಏನೂ ಬಿಟ್ಟಿಲ್ಲಲ್ಲ?"

"ಇಲ್ಲಕ್ಕಾ."

"ಹಂಗಾರ ಮತ್ತೊಮ್ಮಿ ಓದು" ಎಂದಳು.

ನಾನು ಕಾಯುತ್ತಿದ್ದವರಿಗೆ ಕುಳಿತುಕೊಳ್ಳಲು ಹೇಳಿ, ಮೊದಲ ಸಾಲಿನಿಂದ ಓದತೊಡಗಿದೆ.